ಎರಡನೇ ಸುರಂಗ

ಉರಿಗಾಂ
8 ಜೂನ್ 2025, ಭಾನುವಾರ

ಸುಧಾಕರನಿಗೆ ಚಲಪತಿ ಬರೆಯುವುದು.

ನಿನಗೆ ಇದಕ್ಕೆ ಮೊದಲು ಕಾಗದ ಬರೆದ ನೆನಪು ನನಗಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ವಾಟ್ಸಾಪ್ ಕಳಿಸಿದರೆ ಒಂದೇ ಗೀಟು. ದಿನಾ ಬೆಳಗ್ಗೆ ಹಾಲಿನ ಟೆಂಪೋ ಓಡಿಸಿಕೊಂಡು ಬಂಗಾರಪೇಟೆಯಲ್ಲಿ ನಿನ್ನ ಬೀದಿಯಲ್ಲೇ ಹೋಗುತ್ತೇನೆ. ಇಳಿದು ಬಾಗಿಲು ತಟ್ಟಬಹುದು, ತಟ್ಟುವುದಿಲ್ಲ. ಒಂದೂವರೆ ವರ್ಷದಿಂದ ನೀನು ಈ ಕಡೆ ತಲೆ ಹಾಕಿಲ್ಲ, ನಾನ್ಯಾಕೆ ಇಳಿಯಲಿ? ಆದರೆ ಇವತ್ತು ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಮಧ್ಯಾಹ್ನ ಮುನಿಶಾಮಿ ಅಂಗಡಿಗೆ ಹೋಗಿದ್ದೆ. ನಮ್ಮ ಗೇಮ್ ಸೆಂಟರಿಗೆ ಈಗ ಆರು ಟಿವಿ ಬಂದಿವೆ, ಕುರ್ಚಿ ಮಾತ್ರ ಅವೇ ಮುರುಕಲು. ನಾವಾಡುತ್ತಿದ್ದ ಆ ಗಣಿಯ ಗನ್ ಆಟ ಗ್ರೇ ಶಾಫ್ಟ್ ಇದೆಯಲ್ಲ, ಅದರ ಮೂರನೇ ಭಾಗ ದೀಪಾವಳಿ ಹೊತ್ತಿಗೆ ಬರುತ್ತದಂತೆ. ಕಾಲೇಜಿನವರು ನಾಲ್ಕು ಜನ ಕೂತು ಅದೇ ಮಾತಾಡುತ್ತಿದ್ದರು. ಒಬ್ಬ ಎರಡನೇ ಭಾಗದ ರೈಫಲ್‌ಗೆ ತೂಕವೇ ಇಲ್ಲ, ಹೊಡೆದರೆ ನೀರು ಎರಚಿದ ಹಾಗಿದೆ ಅಂದ. ನಿಜ, ನಾನೂ ಹೂಂ ಅಂದೆ. ಇನ್ನೊಬ್ಬ ಗನ್ ಯಾರಿಗೆ ಬೇಕು, ಕಥೆ ಮುಖ್ಯ ಅಂದ. ಆಗ ನಾನು ಬಾಯಿ ಹಾಕಿದೆ. "ನೋಡ್ತಾ ಇರ್ರಿ, ಮೂರನೇದ್ರಾಗೆ ಮಾರೆಕ್‌ನ ಅಣ್ಣ ತೋಮಾಸ್ ಬತ್ತಾನೆ. ಎರಡನೇ ಸುರಂಗದಾಗೆ ತಪ್ಪಿಸ್ಕೊಂಡೋದೋನು ಎಲ್ಲಾನ ಇರ್ಬೇಕಲ್ಲ" ಅಂದೆ.

ನಾಲ್ಕೂ ಜನ ನನ್ನ ಮುಖ ನೋಡಿದರು. ಆಮೇಲೆ ಒಬ್ಬ, "ಅಂಕಲ್, ತೋಮಾಸ್ ಫಸ್ಟ್ ಪಾರ್ಟಲ್ಲೇ ಸತ್ತೋದ. ಮಾರೆಕ್ಕೇ ಬಿಟ್ಬಂದಿದ್ದು. ಯಾವ ಎರಡನೇ ಸುರಂಗ? ನೀವು ಯಾವ ಗೇಮ್ ಆಡಿದ್ರಿ?" ಅಂದ. ಇಡೀ ಅಂಗಡಿ ನಕ್ಕಿತು. ನಾನು ಬಿಡಲಿಲ್ಲ, ಅಣ್ಣನಾಣೆ ಇದೆ ಅಂದೆ. ಸತ್ತವನ ಮೇಲೆ ಆಣೆ ಇಟ್ಟೆ ಸುಧಾಕರ. ಮುನಿಶಾಮಿ ಹೆಗಲ ಮೇಲೆ ಕೈ ಹಾಕಿ "ವಿಡುಪ್ಪಾ, ಬಿಡು ಚಲಪತಿ, ಎದ್ದೇಳು, ಟೀ ಕುಡಿ" ಅಂತ ಹೊರಗೆ ಕರೆದುಕೊಂಡು ಹೋದ. ನಲವತ್ತೊಂದು ವರ್ಷದ ಗಂಡಸು ನಾನು. ಥೂ.

ನನಗೆ ಇಂಗ್ಲಿಷ್ ಬರುವುದಿಲ್ಲ ಅಂತ ನಿನಗೆ ಗೊತ್ತು. ನಿನಗೆ ಗನ್ ಹಿಡಿಯಲು ಬರುವುದಿಲ್ಲ ಅಂತ ನನಗೆ ಗೊತ್ತು, ನೀನು ಹೊಡೆದ ಗುಂಡೆಲ್ಲ ಆಕಾಶಕ್ಕೇ. ಅದಕ್ಕೇ ಅಲ್ಲವೇ ಪ್ರತಿ ಭಾನುವಾರ ನಾನು ಹೊಡೆಯುವುದು, ನೀನು ಪಕ್ಕದಲ್ಲಿ ಕೂತು ಕೆಳಗೆ ಬರುವ ಅಕ್ಷರ ಓದಿ ಕಥೆ ಹೇಳುವುದು ಅಂತ ಆದದ್ದು? ನಾವಿಬ್ಬರೂ ಸೇರಿದರೆ ಒಬ್ಬ ಆಟಗಾರ ಅಂತ ಮುನಿಶಾಮಿ ಆಡಿಕೊಳ್ಳುತ್ತಿದ್ದ.

ಮೊದಲನೇ ಭಾಗ ಆಡಿದ್ದು ನಮ್ಮಣ್ಣ ಮುನಿರಾಜು ಹೋದ ಮುಂದಿನ ವರ್ಷ. ಮನೆಯಲ್ಲಿ ಕೂರಲಾಗದೆ ಅಲ್ಲಿಗೆ ಬರುತ್ತಿದ್ದೆ. ತೋಮಾಸ್ ಬದುಕಿಕೊಂಡ ಅಂತ ನೀನು ಹೇಳಿದ ದಿನ ಮನೆಗೆ ಹೋಗಿ ಎರಡು ಮುದ್ದೆ ಉಂಡೆ. ಎಂಟು ತಿಂಗಳಲ್ಲಿ ಅವತ್ತೇ ಮೊದಲು ಹೊಟ್ಟೆ ತುಂಬಿದ್ದು. ಈಗ ಹೇಳು. ಆ ಕಾಲೇಜಿನವನು ಸುಳ್ಳೋ, ನೀನು ಸುಳ್ಳೋ?

ಚಲಪತಿ

*

ಬಂಗಾರಪೇಟೆ
19 ಜೂನ್ 2025

ಚಲಪತಿ,

ಅಕ್ಷರ ನನ್ನದಲ್ಲ ಅಂತ ನೋಡಿದ ಕೂಡಲೇ ಗೊತ್ತಾಗಿರುತ್ತದೆ. ನಾನು ಹೇಳುತ್ತಿದ್ದೇನೆ, ನಮ್ಮ ಮನೆಯವಳು ಸುಕನ್ಯ ಬರೆಯುತ್ತಿದ್ದಾಳೆ. ನಿನ್ನ ಕಾಗದ ಓದಿದವಳೂ ಅವಳೇ. ಬೈಗುಳ ಬಂದ ಕಡೆಯೆಲ್ಲ ಸ್ವಲ್ಪ ಜೋರಾಗಿಯೇ ಓದಿದಳು.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ತಿದ್ದುತ್ತಿದ್ದಾಗ ವರನ ಹೆಸರಿನ ಮೇಲೆ ಕಪ್ಪು ಚುಕ್ಕೆ ಕಂಡಿತು. ಇಂಕು ಚೆಲ್ಲಿದೆ ಅಂತ ಒರೆಸಿದೆ. ಹೋಗಲಿಲ್ಲ, ಅದು ಇದ್ದದ್ದು ಕಣ್ಣೊಳಗೆ. ಈಗ ಎಡಗಣ್ಣಿನಲ್ಲಿ ಏನೂ ಇಲ್ಲ. ಬಲಗಣ್ಣಿಗೆ ತಿಂಗಳಿಗೊಂದು ಇಂಜೆಕ್ಷನ್, ಕಣ್ಣಿಗೇ ಚುಚ್ಚುತ್ತಾರೆ. ಬೆಳಗಿನ ರೈಲಿಗೆ ಬೆಂಗಳೂರು, ಸಂಜೆ ರೈಲಿಗೆ ವಾಪಸು. ಕಿಟಕಿ ಪಕ್ಕ ಜಾಗ ಸಿಕ್ಕರೂ ಅಷ್ಟೇ, ಸಿಗದಿದ್ದರೂ ಅಷ್ಟೇ. ಮೊಬೈಲು, ಟಿವಿ ಎಲ್ಲ ಬಂದ್. ಸಾಕಾಗಿದೆ ಕಣಯ್ಯಾ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಹೇಳಿದ್ದರೆ ನೀನು ಬಂದುಬಿಡುತ್ತಿದ್ದೆ. ಬಂದು ಪಕ್ಕದಲ್ಲಿ ಕೂತು 'ಏನಂದ ಅವನು?' ಅಂತ ಕೇಳುತ್ತಿದ್ದೆ. ನನಗೆ ಓದಲಾಗುತ್ತಿರಲಿಲ್ಲ.

ಇನ್ನು ತೋಮಾಸ್ ವಿಷಯ. ಆ ಕಾಲೇಜಿನವನು ಹೇಳಿದ್ದೇ ನಿಜ. ನಾನು ಕೊನೆಯನ್ನು ಬದಲಾಯಿಸಿದೆ. ನಿಜವಾದ ಕೊನೆ ನನಗೆ ಹಿಡಿಸಲಿಲ್ಲ, ಅಷ್ಟೇ ಅಂದುಕೋ. ತಪ್ಪಾಯಿತು. ಆದರೆ ಒಂದು ಮಾತು ನಡೆಸಿಕೊಡು. ಮೊದಲನೇ ಭಾಗ ಮತ್ತೆ ಹಾಕಿಸಿಕೊಂಡು ನೋಡಬೇಡ. ಹಳೆಯದು, ಗ್ರಾಫಿಕ್ಸೂ ಚೆನ್ನಾಗಿಲ್ಲ. ಮೂರನೇದು ಬಂದಾಗ ಅದನ್ನು ಆಡಿ ನನಗೆ ಹೇಳು.

ಸುಧಾಕರ್

(ಅಣ್ಣಾ, ಇದು ನಾನೇ ಬರೀತಿರೋದು, ಇವರಿಗೆ ಗೊತ್ತಿಲ್ಲ. ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ಬಲಗಣ್ಣಿಗೆ ಆಪರೇಷನ್. ಡಾಕ್ಟ್ರು ಏನೂ ಖಚಿತವಾಗಿ ಹೇಳ್ತಿಲ್ಲ. ಬೆಳಗ್ಗೆ ನಿಮ್ಮ ಟೆಂಪೋ ಹಾರ್ನ್ ಕೇಳಿದ್ರೆ ಇವರು ತಲೆ ಎತ್ತುತ್ತಾರೆ. — ಸುಕನ್ಯ)

*

ಉರಿಗಾಂ
29 ಜೂನ್ 2025

ಸುಧಾಕರ,

ಕಣ್ಣಿನ ವಿಷಯ ಓದಿ ಟೆಂಪೋದಲ್ಲೇ ಕೂತುಬಿಟ್ಟಿದ್ದೆ. ಡೈರಿಯವರು ಫೋನ್ ಮಾಡಿ ಹಾಲು ಒಡೆಯುತ್ತೆ ಬಾರಯ್ಯಾ ಅಂದಮೇಲೆ ಎದ್ದೆ. ಮುಂಡೇದೇ, ಇಷ್ಟೆಲ್ಲ ಆಗಿ ನನಗೆ ಒಂದು ಮಾತು ಹೇಳಲಿಲ್ಲವಲ್ಲ. ನಾನು ಅಷ್ಟು ಹೊರಗಿನವನಾದೆನೇ?

ಆದರೆ ಸಿಟ್ಟು ಇಳಿದಿದೆ ಅಂತ ತಿಳಿಯಬೇಡ. ಕಣ್ಣಿಗೆ ಬೇರೆ, ಸಿಟ್ಟಿಗೆ ಬೇರೆ. 'ಹಿಡಿಸಲಿಲ್ಲ' ಅಂದರೇನು? ನಿನಗೆ ಹಿಡಿಸಲಿಲ್ಲ ಅಂತ ನನಗೆ ಬೇರೆ ಕಥೆ ಹೇಳುವುದಕ್ಕೆ ನಾನೇನು ಹಾಲು ಕುಡಿಯೋ ಮಗುವಾ? ಇಂಗ್ಲಿಷ್ ಬರದವನನ್ನು ಆಟ ಆಡಿಸಿದೆ. ಈಗ ಎಲ್ಲದರ ಮೇಲೂ ಅನುಮಾನ ಬರುತ್ತಿದೆ. ಆ ಮರಳುಗಾಡಿನ ಆಟದಲ್ಲಿ ಮುದುಕಿ ಮಗನನ್ನು ಗುರುತು ಹಿಡಿದಳಲ್ಲ, ಅದು? ಹಡಗಿನ ಆಟದಲ್ಲಿ ನಾಯಿ ಈಜಿ ದಡ ಸೇರಿತು ಅಂದೆಯಲ್ಲ. ನಾಯಿಯಾದರೂ ಬದುಕಿತ್ತೇನೋ?

ಲಿಖಿತ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಾಳೆ. ನಮ್ಮಣ್ಣನ ಮಗಳು ನೀನು ನೋಡಿದಾಗಿನ ಮೋಟು ಜಡೆಯವಳಲ್ಲ, ಬಿಕಾಂ ಎರಡನೇ ವರ್ಷ ಈಗ. ಇಂಗ್ಲಿಷ್ ಪಟಪಟ ಅಂತ ಓದುತ್ತಾಳೆ. ಮುನಿಶಾಮಿ ಹತ್ತಿರ ಹಳೇ ಡಿಸ್ಕ್ ಇದೆ. ಅವಳನ್ನು ಕೂರಿಸಿಕೊಂಡು ಮೊದಲಿಂದ ಆಡುತ್ತೇನೆ. ನೋಡಬೇಡ ಅಂದಷ್ಟೂ ನೋಡಬೇಕು ಅನ್ನಿಸುತ್ತಿದೆ.

ಮಾತ್ರೆ ಬಿಡಬೇಡ. ಸುಕನ್ಯಮ್ಮ, ಇವನಿಗೆ ಟೀಗೆ ಸಕ್ಕರೆ ಹಾಕಿ ಕೊಡಬೇಡಿ, ಕೇಳುತ್ತಾನೆ.

ಚಲಪತಿ

*

(ಅಂಚೆ ಕಾರ್ಡು)

ಬಂಗಾರಪೇಟೆ, 4 ಜುಲೈ 2025

ಚಲಪತಿ, ಬೇರೆ ಯಾರ ಕೈಲಾದರೂ ಓದಿಸು. ಲಿಖಿತ ಕೈಲಿ ಬೇಡ. ಕಾರಣ ಕಾರ್ಡಿನಲ್ಲಿ ಹೇಳುವಂಥದ್ದಲ್ಲ, ಬರೆಯುವ ಕೈಯೂ ನನ್ನದಲ್ಲ. ದಯವಿಟ್ಟು. ನಾಯಿ ಬದುಕಲಿಲ್ಲ. — ಸುಧಾಕರ್

*

ಉರಿಗಾಂ
17 ಆಗಸ್ಟ್ 2025, ಭಾನುವಾರ

ಸುಧಾಕರ,

ನಿನ್ನ ಕಾರ್ಡು ಮಂಗಳವಾರ ಬಂತು. ನಾವು ಆಡಿ ಮುಗಿಸಿದ್ದು ಅದರ ಹಿಂದಿನ ಭಾನುವಾರ. ಬರೆಯಲು ಕೂತು ಎದ್ದು, ಕೂತು ಎದ್ದು ಆರು ವಾರ ಕಳೆಯಿತು.

ಸುಕನ್ಯಮ್ಮ, ಇದನ್ನು ಓದುವವರು ನೀವು ಅಂತ ನನಗೆ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ. ಇಷ್ಟು ದಿನ ಇದು ನಿಮ್ಮ ಗಂಡನಿಗೂ ನನಗೂ ಮಾತ್ರ ಗೊತ್ತಿದ್ದ ವಿಷಯ. ಅವರು ನಿಮಗೂ ಹೇಳಿಲ್ಲ ಅಂದರೆ ಅವರು ದೊಡ್ಡವರು.

ಆಟದಲ್ಲಿ ಏನಾಗುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಕೊನೆಯಲ್ಲಿ ಅಣ್ಣ ತಮ್ಮ ಇಬ್ಬರೂ ಗಣಿಯ ತಳದಲ್ಲಿದ್ದಾರೆ. ನಾನು ಒಂದೇ ಒಂದು ಗುಂಡು ವ್ಯರ್ಥ ಮಾಡದೆ ಅಲ್ಲಿಯವರೆಗೂ ಬಂದಿದ್ದೆ, ಲಿಖಿತ "ಸಕ್ಕತ್ತು ಚಿಕ್ಕಪ್ಪಾ" ಅಂತ ಚಪ್ಪಾಳೆ ತಟ್ಟಿದಳು. ಮಾರೆಕ್ ಲಿಫ್ಟ್ ಹತ್ತುತ್ತಾನೆ. ತೋಮಾಸ್ ಇನ್ನೂ ಹತ್ತು ಮಾರು ಹಿಂದೆ, ಕಾಲಿಗೆ ಏಟು ಬಿದ್ದಿದೆ. ಶತ್ರುಗಳ ಬೂಟಿನ ಸದ್ದು. ಪರದೆ ಮೇಲೆ ಬಟನ್ ಗುರುತು ಬಂತು. ಒತ್ತಿದೆ. ಲಿಫ್ಟ್ ಮೇಲಕ್ಕೆ ಎದ್ದಿತು. ಕೆಳಗಿಂದ ಅವನು ಕೂಗುತ್ತಿದ್ದ. ಲಿಖಿತ ಓದಿದಳು: "ಬಿಟ್ಟು ಹೋಗಬೇಡವೋ, ನಾನಿನ್ನೂ ಇಲ್ಲೇ ಇದ್ದೀನಿ." ಎರಡನೇ ಸುರಂಗ ಎಲ್ಲೂ ಇಲ್ಲ.

ಅವಳು ನನ್ನ ಕಡೆ ತಿರುಗಿ, "ಇವ್ನ್ಯಾಕೆ ಅಣ್ಣನ್ನ ಬಿಟ್ಬಂದ ಚಿಕ್ಕಪ್ಪಾ?" ಅಂದಳು.

"ಭಯ ಕಣಮ್ಮ" ಅಂದೆ.

ಅವಳು ಟಿವಿ ನೋಡಿಕೊಂಡು "ಥೂ" ಅಂದಳು.

ಆ ಥೂ ಆರು ವಾರದಿಂದ ಕಿವಿಯಲ್ಲಿದೆ. ಟೆಂಪೋ ಇಂಜಿನ್ ಶಬ್ದದಲ್ಲೂ ಕೇಳುತ್ತದೆ. ಈ ಆಟದಲ್ಲಿ ನಾನು ನಾನೂರು ಜನಕ್ಕೆ ಗುಂಡು ಹೊಡೆದಿದ್ದೇನೆ, ಒಬ್ಬರ ಮುಖವೂ ನೆನಪಿಲ್ಲ. ಆ ಒಂದು ಬಟನ್ ಒತ್ತಿದ ಹೆಬ್ಬೆರಳನ್ನು ಈಗಲೂ ಅಂಗಿಗೆ ಒರೆಸಿಕೊಳ್ಳುತ್ತಿರುತ್ತೇನೆ.

ಸುಕನ್ಯಮ್ಮ, ನಮ್ಮಣ್ಣ ಒಬ್ಬನೇ ಹೋಗಿ ಮುಚ್ಚಿಹೋದ ಚಿನ್ನದ ಗಣಿಯ ಹಳೇ ಶಾಫ್ಟಿನ ಗುಂಡಿಗೆ ಬಿದ್ದ ಅಂತ ಊರಿಗೆಲ್ಲ ಗೊತ್ತಿರುವುದು. ಒಬ್ಬನೇ ಹೋಗಿರಲಿಲ್ಲ. ಅವತ್ತು ಆಯುಧಪೂಜೆ. ವಾಚ್‌ಮನ್‌ಗಳು ಪೂಜೆಯಲ್ಲಿರುತ್ತಾರೆ, ಆ ಮಧ್ಯಾಹ್ನ ಯಾರೂ ತಿರುಗಾಡುವುದಿಲ್ಲ ಅಂತ ಅಣ್ಣನೇ ಲೆಕ್ಕ ಹಾಕಿದ್ದ. ಒಳಗೆ ಹಳೇ ತಾಮ್ರದ ಕೇಬಲ್ ಇದೆ ಅಂತ ಯಾರೋ ಹೇಳಿದ್ದರು. ಅವನು ಹಗ್ಗ ಹಿಡಿದು ಇಳಿದ, ನಾನು ಮೇಲೆ ನಿಂತೆ. ಅರ್ಧ ಗಂಟೆ ಆಗಿರಬೇಕು. ಇಬ್ಬರು ವಾಚ್‌ಮನ್‌ಗಳು ಪುರಿ ತಿನ್ನುತ್ತಾ ಮಾತಾಡಿಕೊಂಡು ಬಂದರು. ಕಂಬಕ್ಕೆ ಕಟ್ಟಿದ ಹಗ್ಗ ಕಂಡರೆ ಮುಗಿಯಿತು. ಬಿಚ್ಚಿ ಮೇಲಕ್ಕೆ ಎಳೆದುಕೊಂಡೆ. ಎಳೆಯುವಾಗ ಕೆಳಗಿಂದ ಒಂದು ಜಗ್ಗು ಬಂತು. ಅಣ್ಣ ಹತ್ತಲು ಹಗ್ಗ ಹಿಡಿದಿದ್ದ. ನಾನು ಜೋರಾಗಿ ಜಗ್ಗಿ ಬಿಡಿಸಿಕೊಂಡೆ. ಹಗ್ಗ ಸುತ್ತಿಕೊಂಡು ಜಾಲಿ ಪೊದೆಯಲ್ಲಿ ಅಡಗಿದೆ.

ಅವರು ಅಲ್ಲೇ ನೆರಳಲ್ಲಿ ಕೂತರು. ಎದ್ದು ಹೋಗುವ ಹೊತ್ತಿಗೆ ಎರಡು ತಾಸು ಕಳೆದಿತ್ತು. ನಾನು ಹಗ್ಗ ಇಳಿಬಿಟ್ಟೆ, ಕೂಗಿದೆ. ಯಾರೂ ಹಿಡಿಯಲಿಲ್ಲ. ಒಳಗೆ ಗಾಳಿಯೇ ಇರಲಿಲ್ಲವಂತೆ, ಆಮೇಲೆ ಹೇಳಿದರು. ವಾಚ್‌ಮನ್ ಎದುರಿಗೆ ಎದ್ದು ನಿಂತು 'ನಮ್ಮಣ್ಣ ಕೆಳಗವ್ನೆ ಸಾಮಿ' ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಎರಡು ಏಟು ಬೀಳುತ್ತಿತ್ತು, ಅಷ್ಟೇ.

ನೀನು ಯಾಕೆ ಕಥೆ ಬದಲಾಯಿಸಿದೆ ಅಂತ ಈಗ ನಾನು ಕೇಳುವುದಿಲ್ಲ.

ಚಲಪತಿ

*

ಬಂಗಾರಪೇಟೆ
31 ಆಗಸ್ಟ್ 2025

ಚಲಪತಿ,

ನೀನು ಕೇಳದಿದ್ದರೂ ನಾನು ಹೇಳಬೇಕು.

ಅವತ್ತು ಮುನಿಶಾಮಿ ಅಂಗಡಿಯಲ್ಲಿ ನೀನು ಲಿಫ್ಟ್ ಹತ್ತಿ ನಿಂತಾಗ ಕೆಳಗೆ ಬಂದ ಸಾಲನ್ನು ನಾನು ಮನಸ್ಸಿನಲ್ಲೇ ಓದಿಕೊಂಡೆ. ನೀನು ಹಗ್ಗದ ವಿಷಯ ನನಗೆ ಹೇಳಿ ಮೂರು ತಿಂಗಳೂ ಆಗಿರಲಿಲ್ಲ. ಆಟ ನಿಲ್ಲಿಸೋಣ ಅನ್ನಬಹುದಿತ್ತು, ಹೊಳೆಯಲಿಲ್ಲ. ರಿಮೋಟ್ ತೆಗೆದುಕೊಂಡು ಸೌಂಡ್ ಕಡಿಮೆ ಮಾಡಿದೆ. ತಲೆನೋವು ಅಂದೆ, ನೆನಪಿದೆಯಾ? ನೀನು "ಏನಂತಾನ್ಲಾ?" ಅಂತ ಕೇಳಿದೆ. "ನೀನು ಹೋಗು, ನಾನು ಎರಡನೇ ಸುರಂಗದಲ್ಲಿ ಬರ್ತೀನಿ ಅಂತಾನೆ, ಬಟನ್ ಒತ್ತು" ಅಂದೆ. ನೀನು ಒತ್ತಿದೆ. ಒತ್ತಿಸಿದವನು ನಾನು. ಇನ್ನೊಂದು ಸಲ ಅದೇ ಕೆಲಸ ನಿನ್ನ ಕೈಲಿ ಮಾಡಿಸಿದೆನಲ್ಲ ಅಂತ ಅವತ್ತಿನಿಂದ ನನ್ನನ್ನು ಕೊರೆಯುತ್ತಿದೆ.

ಒಂದು ಸುಳ್ಳು ಹೇಳಿದರೆ ಅದನ್ನು ಸಾಕಬೇಕಾಗುತ್ತದೆ. ಎರಡನೇ ಭಾಗದಲ್ಲಿ ಮಾರೆಕ್ ಒಂದು ಗೋರಿ ಮುಂದೆ ಕೂತು ಅಳುತ್ತಾನಲ್ಲ, ಅದು ಅವರ ತಾಯಿಯದು ಅಂದೆ. ತೋಮಾಸ್‌ನದು. ಕನಸಿನಲ್ಲಿ ಅಣ್ಣ ಬಂದು ಬೈಯುವುದನ್ನು ಕ್ಷೇಮ ವಿಚಾರಿಸುತ್ತಿದ್ದಾನೆ ಅಂದೆ. ನೀನು ಗುಂಡು ಹೊಡೆಯುತ್ತಿದ್ದಾಗಲೆಲ್ಲ ನಾನು ಮುಂದಿನ ಸುಳ್ಳನ್ನು ಜೋಡಿಸಿಕೊಳ್ಳುತ್ತಿದ್ದೆ. ಮನೆಗೆ ಬಂದು ಎಲ್ಲಿ ಏನು ಹೇಳಿದೆ ಅಂತ ಬರೆದಿಟ್ಟುಕೊಳ್ಳುತ್ತಿದ್ದೆ. ಮೂರನೇ ಭಾಗ ಬರುತ್ತದೆ ಅಂತ ಸುದ್ದಿ ಬಂದಾಗ ನನಗೆ ಅಳುವೇ ಬಂತು. ಅದೇ ತಿಂಗಳು ಕಣ್ಣಿನ ಚುಕ್ಕೆ ಕಂಡದ್ದು. ಕಣ್ಣು ಹೋಗುತ್ತಿದೆ ಅಂತ ಭಯವಾಯಿತು, ಜೊತೆಗೆ ಇನ್ನು ಓದಿ ಹೇಳುವುದು ತಪ್ಪಿತು ಅಂತ ಸ್ವಲ್ಪ ಹಗುರವೂ ಆಯಿತು. ಅದಕ್ಕೇ ಬರುವುದು ಬಿಟ್ಟೆ. ಇದನ್ನು ಹೇಳಲು ನಾಚಿಕೆಯಾಗುತ್ತಿದೆ.

ಲಿಖಿತಾಗೆ ಹೇಳು, ಹೇಳಬೇಡ ಅನ್ನುವ ಯೋಗ್ಯತೆ ನನಗಿಲ್ಲ. ನಾನು ಹೇಳಿದ ಸುರಂಗದಲ್ಲಿ ನೀನು ಎಂಟು ವರ್ಷ ಕೂತಿದ್ದೆ ಅನ್ನುವುದು ಮಾತ್ರ ನನಗೆ ಈಗ ತಿಳಿಯಿತು.

ಇಪ್ಪತ್ತೆರಡಕ್ಕೆ ಆಪರೇಷನ್. ಕಣ್ಣು ಬರದೇ ಹೋದರೆ ಮೂರನೇ ಭಾಗದ ಕೊನೆಯನ್ನು ಯಾರ ಕೈಲಾದರೂ ಓದಿಸಿ ನನಗೆ ಹೇಳು. ಇದ್ದದ್ದನ್ನು ಇದ್ದ ಹಾಗೆ. ನನ್ನ ಹಾಗೆ ಮಾಡಬೇಡ.

ಸುಧಾಕರ್

(ಅಣ್ಣಾ, ನಿಮ್ಮ ಕಾಗದ ಓದುವಾಗ ಮಧ್ಯದಲ್ಲಿ ನಿಲ್ಲಿಸಿಬಿಟ್ಟೆ. ಇವರು ಕೈಚಾಚಿ ನನ್ನ ಕೈ ಹಿಡಿದುಕೊಂಡು, ಮುಂದಿನದು ನನಗೆ ಗೊತ್ತು, ಬಿಡು ಅಂದ್ರು. ನಾನು ಬಿಡಲಿಲ್ಲ, ಪೂರ್ತಿ ಓದಿದೆ. ನಿಮ್ಮ ಮೇಲೆ ಸಿಟ್ಟೂ ಬಂತು, ಪಾಪ ಅಂತಾನೂ ಅನ್ನಿಸ್ತು. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ಬಿಡಬೇಕಾದೋರು ನೀವು. ಆ ಹುಡುಗಿ ಅಪ್ಪನ ಕೊನೆ ಅವಳಿಗೆ ಗೊತ್ತಿರಬೇಕು. — ಸುಕನ್ಯ)

*

ಉರಿಗಾಂ
3 ಅಕ್ಟೋಬರ್ 2025

ಸುಧಾಕರ,

ಸುಕನ್ಯಮ್ಮ ಫೋನ್ ಮಾಡಿದ್ದರು. ಕಟ್ಟು ಬಿಚ್ಚಿದ್ದಾರೆ, ಬೆಳಕು ನೆರಳು ಅಷ್ಟೇ ಗೊತ್ತಾಗುತ್ತದೆ ಅಂದರು. ಹೂಂ ಹೂಂ ಅಂತ ಇಟ್ಟುಬಿಟ್ಟೆ. ಬೈದುಕೋ.

ಮೊನ್ನೆ ಆಯುಧಪೂಜೆ. ಟೆಂಪೋ ತೊಳೆದು ನಿಂಬೆಹಣ್ಣು ಇಟ್ಟೆ. ಅತ್ತಿಗೆ ಸುಮಲತ ಒಳಗೆ ಕುಡುಗೋಲು, ಸ್ಪ್ಯಾನರ್, ಈಳಿಗೆಮಣೆ ಎಲ್ಲ ಸಾಲಾಗಿ ಜೋಡಿಸಿದ್ದಳು. ಮುನಿಶಾಮಿ ಕೊಟ್ಟಿದ್ದ ಹಳೇ ಕಂಟ್ರೋಲರ್‌ಗೂ ಲಿಖಿತ ಕುಂಕುಮ ಇಟ್ಟಿದ್ದಳು, "ಇದು ಚಿಕ್ಕಪ್ಪನ ಆಯುಧ" ಅಂತ ನಗುತ್ತಿದ್ದಳು. ಆಮೇಲೆ ಅಟ್ಟಕ್ಕೆ ಕೈ ಹಾಕಿ, ನಾನು ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಹಗ್ಗ ಇಳಿಸಿದಳು. ಒಂಬತ್ತು ವರ್ಷದಿಂದ ಅದನ್ನು ಸುಡಲೂ ಆಗಿರಲಿಲ್ಲ, ಎಸೆಯಲೂ ಆಗಿರಲಿಲ್ಲ.

"ಇದ್ಕೂ ಅರಿಶಿನ ಆಕ್ಲಾ ಚಿಕ್ಕಪ್ಪಾ? ಅಪ್ಪಂದಲ್ವಾ?" ಅಂದಳು.

ಹೇಳಿಬಿಟ್ಟೆ. ಅತ್ತಿಗೆಯೂ ಅಲ್ಲೇ ನಿಂತಿದ್ದಳು. ಜಗ್ಗಿದ್ದನ್ನೂ ಹೇಳಿದೆ, ಪೊದೆಯಲ್ಲಿ ಕೂತದ್ದನ್ನೂ ಹೇಳಿದೆ. ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಊದಿನಕಡ್ಡಿ ಪೂರ್ತಿ ಉರಿದು ಹೋಯಿತು.

ಲಿಖಿತ ಹಗ್ಗ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತಿನಿಂದ ನನ್ನ ಹತ್ತಿರ ಮಾತಿಲ್ಲ. ಅತ್ತಿಗೆ ತಟ್ಟೆ ತಂದು ಇಡುತ್ತಾಳೆ, ಮುಖ ನೋಡುವುದಿಲ್ಲ. ಉಣ್ಣುತ್ತೇನೆ. ಬೆಳಗ್ಗೆ ಎದ್ದು ಹಾಲು ತರುತ್ತೇನೆ. ಮೈಯಲ್ಲಿ ಒಂದು ಚೂರು ಶಕ್ತಿ ಇಲ್ಲ ಕಣಯ್ಯಾ. ಹೇಳಿದರೆ ಹಗುರಾಗುತ್ತದೆ ಅಂತಾರಲ್ಲ, ಯಾರಿಗೆ ಆಗುತ್ತದೋ ಕಾಣೆ.

ಮೂರನೇ ಭಾಗ ಓದಿ ಹೇಳುವವರು ಇನ್ನು ಯಾರೂ ಇಲ್ಲ. ನಿನ್ನ ಮಾತು ನಡೆಸಲಾಗುವುದಿಲ್ಲವೇನೋ. ಕ್ಷಮಿಸು.

ಚಲಪತಿ

*

ಉರಿಗಾಂ
9 ನವೆಂಬರ್ 2025, ಭಾನುವಾರ ಸಂಜೆ

ಸುಧಾಕರ್ ಮಾಮ ಅವರಿಗೆ,

ನಾನು ಲಿಖಿತ, ಮುನಿರಾಜು ಅವರ ಮಗಳು. ನನ್ನ ಹತ್ತನೇ ವಯಸ್ಸಿನಲ್ಲಿ ಅಪ್ಪನ ತಿಥಿಯ ದಿನ ನೀವು ನನಗೆ ಬಣ್ಣದ ಪೆನ್ಸಿಲ್ ಡಬ್ಬಿ ತಂದುಕೊಟ್ಟಿದ್ದಿರಿ. ಎಲ್ಲರೂ ಅಳುತ್ತಿದ್ದರು, ನೀವು ಮಾತ್ರ ನನಗೆ ಆನೆ ಬರೆಯುವುದು ಹೇಗೆ ಅಂತ ಹೇಳಿಕೊಟ್ಟಿರಿ. ಆಗಲೇ ನಿಮಗೆ ಇದೆಲ್ಲ ಗೊತ್ತಿತ್ತೋ ಇಲ್ಲವೋ ಅಂತ ಈ ತಿಂಗಳೆಲ್ಲ ಯೋಚಿಸಿದೆ. ಗೊತ್ತಿರಲಿಲ್ಲ ಅಂತ ಅಂದುಕೊಂಡಿದ್ದೇನೆ.

ಸುಕನ್ಯಕ್ಕ ನನಗೆ ಫೋನ್ ಮಾಡಿ, ನೀವು ಆಟದ ಕೊನೆ ಏನು ಅಂತ ದಿನಾ ಕೇಳುತ್ತಿದ್ದೀರಿ ಅಂದರು. ಒಂದು ಆಟದ ಕೊನೆಗೆ ಇಷ್ಟು ಒದ್ದಾಟವೇ ಅಂತ ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಒಪ್ಪಿಕೊಂಡೆ. ಅಮ್ಮನ ಕೈಲಿ ನಿಮ್ಮ ಸ್ನೇಹಿತರಿಗೆ ಒಳಗಿನಿಂದ ಹೇಳಿ ಕಳಿಸಿದೆ: ಭಾನುವಾರ ಮುನಿಶಾಮಿ ಅಂಗಡಿಗೆ ಬರುತ್ತೇನೆ, ಪರದೆ ಮೇಲೆ ಬಂದದ್ದನ್ನು ಮಾತ್ರ ಓದುತ್ತೇನೆ, ಬೇರೆ ಮಾತಿಲ್ಲ. ಅವರು ಆಗಲಿ ಅಂದರಂತೆ.

ಹಾಗೇ ಮೂರು ಭಾನುವಾರ ಆಡಿದೆವು. ಅವರು ಹೊಡೆಯುತ್ತಿದ್ದರು, ನಾನು ಓದುತ್ತಿದ್ದೆ. ಚೆನ್ನಾಗಿ ಹೊಡೆಯುತ್ತಾರೆ ಮಾಮ, ಅಂಗಡಿಯವರೆಲ್ಲ ತಮ್ಮ ಆಟ ಬಿಟ್ಟು ಹಿಂದೆ ಬಂದು ನಿಂತಿದ್ದರು. ಅವರನ್ನು ನೋಡಿ ನಕ್ಕಿದ್ದ ಕಾಲೇಜಿನವರೂ ಇದ್ದರು. "ಅಂಕಲ್, ಈ ರೈಫಲ್ ಎಂಗಿದೆ?" ಅಂತ ಒಬ್ಬ ಕೇಳಿದ. ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಈಗ ಕೊನೆ ಹೇಳುತ್ತೇನೆ. ಒಂದಕ್ಷರ ಬದಲಾಯಿಸಿಲ್ಲ, ಸುಕನ್ಯಕ್ಕನ ಮೇಲಾಣೆ.

ಮಾರೆಕ್ ಮುದುಕನಾಗಿದ್ದಾನೆ. ಅದೇ ಗಣಿಗೆ ವಾಪಸು ಬರುತ್ತಾನೆ. ಕೊನೆಯ ಲೆವೆಲ್‌ನಲ್ಲಿ ಒಬ್ಬ ಶತ್ರುವೂ ಇಲ್ಲ. ಗನ್ ಕೈಯಲ್ಲಿದೆ, ಗುಂಡು ತುಂಬಾ ಇವೆ, ಹೊಡೆಯಲು ಯಾರೂ ಇಲ್ಲ. ಅವರು ಮಾತ್ರ ಪ್ರತಿ ಮೂಲೆಗೂ ಗುರಿ ಇಟ್ಟು ಇಟ್ಟು ನಡೆಯುತ್ತಿದ್ದರು. 'ಗನ್ ಇಳಿಸು' ಅಂತ ಪರದೆ ಮೇಲೆ ಬಂತು, ಓದಿದೆ. ಇಳಿಸಿದರು. ಹಿಂದೆ ನಿಂತವರು ಇದೆಂಥಾ ಶೂಟಿಂಗ್ ಗೇಮ್ ಅಂತ ಗೊಣಗಿಕೊಂಡು ಒಬ್ಬೊಬ್ಬರೇ ಹೋದರು.

ಅದೇ ಲಿಫ್ಟ್‌ನಲ್ಲಿ ಮಾರೆಕ್ ಕೆಳಗೆ ಇಳಿಯುತ್ತಾನೆ. ಇಳಿಯುವವರೆಗೂ ಬಟನ್ ಬಿಡುವಂತಿಲ್ಲ, ಬಿಟ್ಟರೆ ಲಿಫ್ಟ್ ನಿಂತುಬಿಡುತ್ತದೆ. ನಾಲ್ಕು ನಿಮಿಷ ಒತ್ತಿ ಹಿಡಿದಿದ್ದರು. ಒಮ್ಮೆಯೂ ಬಿಡಲಿಲ್ಲ. ಅವರೇ ರಿಮೋಟ್ ತೆಗೆದುಕೊಂಡು ಸೌಂಡ್ ಜಾಸ್ತಿ ಮಾಡಿದರು.

ತಳದಲ್ಲಿ ಒಂದು ಟೇಪ್ ರೆಕಾರ್ಡರ್ ಸಿಗುತ್ತದೆ. ತೋಮಾಸ್ ಸಾಯುವ ಮುಂಚೆ ಮಾತಾಡಿಟ್ಟಿದ್ದಾನೆ. ನಾನು ಓದಿದ್ದು ಇಷ್ಟು: "ಲಿಫ್ಟ್ ಮೇಲೆ ಹೋದ ಸದ್ದು ಕೇಳಿಸಿತು. ನೀನೇ ಅಂತ ಗೊತ್ತಾಯಿತು. ಇಲ್ಲಿ ತುಂಬಾ ಕತ್ತಲೆ. ನಾನು ಕೂಗುತ್ತಲೇ ಇದ್ದೇನೆ." ಆಮೇಲೆ ಟೇಪ್ ಸುತ್ತುವ ಶಬ್ದ. ಮಾರೆಕ್ ಅಲ್ಲೇ ಕೂತುಕೊಳ್ಳುತ್ತಾನೆ. ಆಟ ಮುಗಿಯಿತು.

ಅವರು ಕಂಟ್ರೋಲರ್ ಕೆಳಗಿಡಲಿಲ್ಲ. ಪರದೆ ಮೇಲೆ ಹೆಸರುಗಳು ಮೇಲೆ ಹೋಗುತ್ತಲೇ ಇದ್ದವು. ಅವನ್ನೇ ನೋಡುತ್ತಾ, ನನ್ನ ಕಡೆ ತಿರುಗದೆ, "ಇನ್ನೇನೂ ಅನ್ನಲಿಲ್ವಾ ಅವ್ನು? ತಮ್ಮಂಗೆ ಏನಾನ ಒಂದು ಮಾತು?" ಅಂತ ಕೇಳಿದರು.

ಮಾಮ, ನೀವು ಯಾಕೆ ಹಾಗೆ ಮಾಡಿದಿರಿ ಅಂತ ನನಗೆ ಆ ಕ್ಷಣ ಅರ್ಥವಾಯಿತು. ಒಂದೇ ಒಂದು ವಾಕ್ಯ ಸೇರಿಸಿದ್ದರೆ ಸಾಕಿತ್ತು. ಅವರಿಗೆ ಗೊತ್ತಾಗುತ್ತಲೇ ಇರಲಿಲ್ಲ. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮಾತು ಅನ್ನಬೇಕಾದವರು ನಮ್ಮಪ್ಪ. ಅವರ ಪರವಾಗಿ ನಾನು ಅನ್ನಲಾರೆ. ನನಗೆ ಇನ್ನೂ ಸಿಟ್ಟು ಹೋಗಿಲ್ಲ, ಹೋಗುತ್ತದೋ ಇಲ್ಲವೋ ಗೊತ್ತಿಲ್ಲ.

"ಇಲ್ಲ ಚಿಕ್ಕಪ್ಪಾ," ಅಂದೆ. "ಅಷ್ಟೇ ಇರೋದು."

ಆಯುಧಪೂಜೆ ಆದಮೇಲೆ ಅವರನ್ನು ಹಾಗೆ ಕರೆದದ್ದು ಅದೇ ಮೊದಲು. ಅವರು ಮುಖ ಮುಚ್ಚಿಕೊಂಡು ಅತ್ತರು. ಮುನಿಶಾಮಿ ಮಾವ ಶಟರ್ ಅರ್ಧ ಎಳೆದು ಹೊರಗೆ ನಿಂತರು. ನಾನು ಪಕ್ಕದಲ್ಲೇ ಕೂತಿದ್ದೆ, ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನಾಳೆ ಬೆಳಗ್ಗೆ ಹಾಲಿನ ಟೆಂಪೋ ನಿಮ್ಮ ಬೀದಿಯಲ್ಲಿ ನಿಲ್ಲುತ್ತದೆ. ಸುಕನ್ಯಕ್ಕ ಇದನ್ನು ಓದುವ ಹೊತ್ತಿಗೆ, ಬಾಗಿಲು ತಟ್ಟಿ ಇದನ್ನು ತಂದವರು ನಿಮ್ಮ ಪಕ್ಕದಲ್ಲೇ ಇರುತ್ತಾರೆ, ಹಾಗೇ ಕಳಿಸಬೇಡಿ.

ಇಂತಿ,
ಲಿಖಿತ